ಪಣಕ್ಕಿಟ್ಟದ್ದು ಯಾರದು? ಆನ್‌ಲೈನ್ ಜೂಜಿನ ಧರ್ಮ ಮತ್ತು ಕಾನೂನು

ಜೂಜಿನ ಮೂರು ಅಂಗ

ಜೂಜಿಗೆ ಮೂರು ಅಂಗ: ಕಟ್ಟುವ ಪಣ, ತೀರ್ಮಾನಿಸುವ ಅದೃಷ್ಟ, ಗೆದ್ದವನಿಗೆ ಸಿಗುವ ಗಂಟು. ಮೂರರಲ್ಲಿ ಒಂದು ಕಳಚಿದರೂ ಅದರ ಹೆಸರು ಬೇರೆಯಾಗುತ್ತದೆ. ಪಣವಿಲ್ಲದೆ ಕವಡೆ ಹಾಕಿ ಚೌಕಾಬಾರ ಆಡಿದರೆ ಅದು ಹೊತ್ತು ಕಳೆಯುವ ಆಟ. ಅದೃಷ್ಟದ ಪಾತ್ರವಿಲ್ಲದೆ ಬಹುಮಾನ ಕೊಟ್ಟರೆ ಅದು ಸ್ಪರ್ಧೆ. ಗೆಲ್ಲುವ ಗಂಟೇ ಇಲ್ಲದೆ ಹಣ ತೆತ್ತರೆ ಅದು ಸಿನಿಮಾ ಟಿಕೆಟ್ಟಿನಂತೆ ಮನರಂಜನೆಯ ಖರ್ಚು. ಜೂಜಿನ ಕಾನೂನುಗಳು ಬಹುಮಟ್ಟಿಗೆ ಈ ಲೆಕ್ಕದ ಮೇಲೆಯೇ ನಿಂತಿವೆ. ಕಾನೂನಿನಿಂದ ನುಣುಚಿಕೊಳ್ಳಬಯಸುವ ವ್ಯಾಪಾರವೂ ಅದಕ್ಕಾಗಿಯೇ ಮೂರರಲ್ಲಿ ಒಂದನ್ನು ಮರೆಮಾಡುವ ಉಪಾಯ ಹುಡುಕುತ್ತದೆ.

ಅಮೆರಿಕದಲ್ಲಿ ಬೆಳೆದ ‘ಸ್ವೀಪ್‌ಸ್ಟೇಕ್ಸ್ ಕ್ಯಾಸಿನೊ’ ಮರೆಮಾಡುವುದು ಪಣವನ್ನು. ಅದರಲ್ಲಿ ಎರಡು ಬಗೆಯ ನಾಣ್ಯಗಳಿರುತ್ತವೆ. ಆಟಗಾರ ಹಣ ಕೊಟ್ಟು ಕೊಳ್ಳುವುದು ‘ಗೋಲ್ಡ್ ಕಾಯಿನ್’. ಅದಕ್ಕೆ ಪರದೆಯ ಹೊರಗೆ ಬೆಲೆಯಿಲ್ಲ. ಅದರ ಜೊತೆಗೆ ‘ಉಚಿತ ಕೊಡುಗೆ’ ಎಂದು ‘ಸ್ವೀಪ್ಸ್ ಕಾಯಿನ್’ ಕೈಸೇರುತ್ತದೆ. ಅದನ್ನು ಆಡಿ ಗೆದ್ದರೆ ಡಾಲರ್ ಆಗಿ ಮಾರ್ಪಡಿಸಿಕೊಳ್ಳಬಹುದು. ಹಣ ಕೊಡಲೊಲ್ಲದವನು ಕೈಬರಹದ ಕಾಗದವನ್ನು ಅಂಚೆಗೆ ಹಾಕಿಯೂ ಕೆಲವು ಸ್ವೀಪ್ಸ್ ಕಾಯಿನ್ ಪಡೆಯಬಹುದು. ಒಳಬರಲು ಉಚಿತ ಬಾಗಿಲೊಂದು ಇರುವುದರಿಂದ ಇಲ್ಲಿ ಪಣವೇ ಇಲ್ಲ, ಪಣವಿಲ್ಲದ ಮೇಲೆ ಜೂಜೂ ಇಲ್ಲ ಎಂಬುದು ನಡೆಸುವವರ ವಾದ. ಅಲ್ಲಿನ ರಾಜ್ಯಗಳು ಈ ವಾದವನ್ನು ಒಂದೊಂದಾಗಿ ತಳ್ಳಿಹಾಕುತ್ತಿವೆ. 2025ರಲ್ಲಿ ಮೊಂಟಾನ ನಿಷೇಧಿಸಿತು. ಕ್ಯಾಲಿಫೋರ್ನಿಯದ ನಿಷೇಧ 2026ರ ಜನವರಿ 1ರಿಂದ ಜಾರಿಗೆ ಬಂತು.

‘ಸ್ವೀಪ್‌ಸ್ಟೇಕ್ಸ್’ ಹುಟ್ಟಿನಿಂದ ಕ್ಯಾಸಿನೊದ ಮಾತಲ್ಲ. ಎಲ್ಲರೂ ಕಟ್ಟಿದ ಪಣವನ್ನು ಗೆದ್ದವನೊಬ್ಬನೇ ಗುಡಿಸಿಕೊಂಡು ಹೋಗುವುದು ಅದರ ಮೂಲ ಅರ್ಥ. ಕುದುರೆ ಮಾಲೀಕರು ಕಟ್ಟಿದ ಪ್ರವೇಶಶುಲ್ಕವೇ ಬಹುಮಾನದ ಗಂಟಾಗುತ್ತಿದ್ದ ರೇಸುಗಳಿಂದ ಅದು ಬಳಕೆಗೆ ಬಂತು. ಈ ಜಗತ್ತು ತುಮಕೂರು ಜಿಲ್ಲೆಗೆ ಅಪರಿಚಿತವಲ್ಲ. ಕುಣಿಗಲ್ಲಿನ ಕುದುರೆ ಫಾರಂ ಟಿಪ್ಪು ಸುಲ್ತಾನನ ಕಾಲದಿಂದ ದಂಡಿಗೆ ಕುದುರೆ ಸಾಕಿದ ನೆಲೆ. ದಂಡಿನ ಕಾಲ ಮುಗಿದ ಮೇಲೆ ಅಲ್ಲಿ ರೇಸಿನ ಥರೋಬ್ರೆಡ್ ತಳಿ ಬೆಳೆಯಿತು. ಒಂದೇ ಲಾಯದ ಕುದುರೆ ಒಂದು ಕಾಲಕ್ಕೆ ರಾಜ್ಯದ ಪಣಕ್ಕೂ ಇನ್ನೊಂದು ಕಾಲಕ್ಕೆ ಟಿಕೆಟ್ಟಿನ ಪಣಕ್ಕೂ ಓಡಿತು.

ಅದೃಷ್ಟವೇ ತಪ್ಪೇ?

ಜೂಜನ್ನು ಅಧರ್ಮ ಎನ್ನುವವರು ಅದರಲ್ಲಿ ತಪ್ಪಾದದ್ದು ಯಾವುದು ಎಂದು ಮೊದಲು ಹೇಳಬೇಕು. ಅದೃಷ್ಟವನ್ನು ನೆಚ್ಚುವುದೇ ತಪ್ಪು ಎಂಬ ಉತ್ತರ ನಿಲ್ಲುವುದಿಲ್ಲ. ಹಳ್ಳಿಯ ಬದುಕಿನಲ್ಲಿ ಅದೃಷ್ಟಕ್ಕೆ ನ್ಯಾಯವಾದ ಜಾಗವೇ ಇದೆ. ಅಣ್ಣತಮ್ಮಂದಿರು ಪಾಲಾಗುವಾಗ ಹಿರಿಯರು ಜಮೀನನ್ನು ಸಮನಾಗಿ ವಿಂಗಡಿಸಿ, ಪಾಲಿಗೊಂದರಂತೆ ಚೀಟಿ ಬರೆದು ಮಡಿಸಿ, ಏನೂ ಅರಿಯದ ಮಗುವಿನ ಕೈಯಲ್ಲಿ ಎತ್ತಿಸುತ್ತಾರೆ. ಯಾರಿಗೂ ಒಲಿಯದ ಕೈ ತೀರ್ಮಾನಿಸಲಿ ಎಂಬುದೇ ಅಲ್ಲಿನ ನ್ಯಾಯ. ದೇವರ ಮುಂದೆ ಹೂಪ್ರಸಾದ ಕೇಳುವಾಗ ಬಲಗಡೆಯ ಹೂ ಬಿದ್ದರೆ ಒಂದು ಅರ್ಥ, ಎಡಗಡೆಯದು ಬಿದ್ದರೆ ಇನ್ನೊಂದು; ಮನುಷ್ಯನ ಕೈಮೀರಿದ್ದನ್ನು ಭಕ್ತ ದೇವರ ಇಚ್ಛೆ ಎಂದು ಒಪ್ಪಿಕೊಳ್ಳುತ್ತಾನೆ. ಚೀಟಿ ಗುಂಪಿನಲ್ಲೂ ಲಾಟು ಎತ್ತುವುದುಂಟು. ಆದರೆ ಅಲ್ಲಿ ಅದೃಷ್ಟ ತೀರ್ಮಾನಿಸುವುದು ಯಾರ ಸರದಿ ಮೊದಲು ಎಂಬುದನ್ನು ಮಾತ್ರ. ಕಟ್ಟಿದ ಹಣ ಸರದಿ ಬಂದಾಗ ಎಲ್ಲರ ಕೈಗೂ ಮರಳುತ್ತದೆ. ಕಾನೂನು ಸಹ ಇಲ್ಲೇ ಗೆರೆ ಎಳೆದಿದೆ: ಚೀಟಿ ವ್ಯವಹಾರಕ್ಕೆ 1982ರ ಚಿಟ್ ಫಂಡ್ ಕಾಯ್ದೆಯ ರಕ್ಷಣೆಯಿದೆ, ಬಹುಮಾನದ ಆಸೆ ತೋರಿಸಿ ಹಣ ಸುತ್ತಿಸುವ ಸ್ಕೀಮುಗಳಿಗೆ 1978ರಿಂದ ಕೇಂದ್ರ ಕಾಯ್ದೆಯ ನಿಷೇಧವಿದೆ.

ಬೇಸಾಯವೇ ಮಳೆಯ ಜೊತೆ ಆಡುವ ಜೂಜು ಎಂಬ ಮಾತು ತುಮಕೂರಿನಂಥ ಒಣಭೂಮಿಯ ಸೀಮೆಯಲ್ಲಿ ಸಾಮಾನ್ಯ. ರಾಗಿ ಬಿತ್ತಿದವನು ಬೀಜ, ಗೊಬ್ಬರ, ದುಡಿಮೆಯನ್ನು ಪಣವಾಗಿಟ್ಟು ಮೋಡದತ್ತ ಕಣ್ಣು ನೆಟ್ಟು ಕೂರುವುದು ನಿಜ. ಆದರೂ ಹೋಲಿಕೆ ಅರ್ಧದಾರಿಗೇ ಮುರಿಯುತ್ತದೆ. ಮಳೆಯ ಅನಿಶ್ಚಯ ರೈತ ಸೃಷ್ಟಿಸಿದ್ದಲ್ಲ, ಅದು ನೆಲದ ಗುಣ. ಕೆರೆ, ಕಟ್ಟೆ, ಅಕ್ಕಡಿ ಸಾಲುಗಳಿಂದ ಅವನು ಅದನ್ನು ತಗ್ಗಿಸಲು ಹೆಣಗುತ್ತಾನೆ. ಜೂಜುಕಟ್ಟೆ ಇಲ್ಲದ ಅನಿಶ್ಚಯವನ್ನು ಬೇಕೆಂದೇ ಹುಟ್ಟಿಸಿ ಮಾರುತ್ತದೆ. ಮಳೆ ಬಂದರೆ ಊರಿಗೆ ರಾಗಿ ಹೆಚ್ಚುತ್ತದೆ. ಒಬ್ಬ ರೈತ ಗೆಲ್ಲಲು ಪಕ್ಕದ ಹೊಲದವನು ಸೋಲಬೇಕಿಲ್ಲ. ದಾಳ ಬಿದ್ದರೆ ಇದ್ದ ಹಣ ಒಂದು ಜೇಬಿನಿಂದ ಇನ್ನೊಂದಕ್ಕೆ ಸರಿಯುತ್ತದೆ, ಕಾಳಿನಷ್ಟೂ ಹೆಚ್ಚುವುದಿಲ್ಲ. ಹೀಗೆ ತಪ್ಪಿನ ಹುಡುಕಾಟ ಅದೃಷ್ಟವನ್ನು ಬಿಟ್ಟು ಪಣ ಮತ್ತು ಗಂಟಿನ ಕಡೆಗೆ ತಿರುಗುತ್ತದೆ.

ಶಾಸ್ತ್ರಗಳ ಒಡಕು

ಭಾರತೀಯ ಪರಂಪರೆಯಲ್ಲಿ ಜೂಜಿನ ಬಗ್ಗೆ ಒಂದೇ ದನಿಯಿಲ್ಲ. ಋಗ್ವೇದದ ಹತ್ತನೆಯ ಮಂಡಲದ 34ನೆಯ ಸೂಕ್ತ ಜೂಜುಕೋರನ ಅಳಲು. ಹೆಂಡತಿ ದೂರವಾದದ್ದು, ಅತ್ತೆ ಹಗೆಯಾದದ್ದು, ಸಾಲ ಹೊತ್ತು ರಾತ್ರಿ ಪರರ ಮನೆಯತ್ತ ಹೊರಟದ್ದು ಅದರಲ್ಲಿದೆ; ಕೊನೆಗೆ ಅದು ದಾಳ ಬಿಟ್ಟು ಹೊಲ ಉಳು ಎಂಬ ಬುದ್ಧಿಮಾತಿಗೆ ತಿರುಗುತ್ತದೆ. ಅಂದಿನ ದಾಳ ವಿಭೀತಕದ ಕಾಯಿ. ಇಂದಿಗೂ ಗ್ರಂಧಿಗೆ ಅಂಗಡಿಯಲ್ಲಿ ತ್ರಿಫಲಕ್ಕಾಗಿ ಅಳಲೆ, ನೆಲ್ಲಿಯ ಜೊತೆ ಕಟ್ಟಿಕೊಡುವ ತಾರೆಕಾಯಿ ಅದೇ.

ಮನುಸ್ಮೃತಿಗೆ ಜೂಜು ಹಗಲುಗಳ್ಳತನ. ನಿರ್ಜೀವ ವಸ್ತುಗಳಿಂದ ಆಡುವ ‘ದ್ಯೂತ’ವನ್ನೂ ಪ್ರಾಣಿಗಳನ್ನು ಕಾದಾಡಿಸಿ ಕಟ್ಟುವ ‘ಸಮಾಹ್ವಯ’ವನ್ನೂ ರಾಜ ತನ್ನ ನಾಡಿನಿಂದ ಅಟ್ಟಬೇಕು ಎಂಬುದು ಅದರ ವಿಧಿ. ಯಾಜ್ಞವಲ್ಕ್ಯ ಸ್ಮೃತಿ ಬೇರೆ ದಾರಿ ಹಿಡಿದು, ರಾಜನ ಮೇಲ್ವಿಚಾರಣೆಯಲ್ಲಿ ಬಹಿರಂಗವಾಗಿ ನಡೆಯುವ ಜೂಜಿಗೆ ಅವಕಾಶ ಕೊಡುತ್ತದೆ. ಆ ಸ್ಮೃತಿಗೆ ವಿಜ್ಞಾನೇಶ್ವರ ಬರೆದ ‘ಮಿತಾಕ್ಷರಾ’ ಎಂಬ ಪ್ರಸಿದ್ಧ ವ್ಯಾಖ್ಯಾನ ಹುಟ್ಟಿದ್ದು ಕನ್ನಡ ನಾಡಿನ ಕಲ್ಯಾಣದಲ್ಲಿ, ಆರನೆಯ ವಿಕ್ರಮಾದಿತ್ಯನ ಆಸ್ಥಾನದಲ್ಲಿ. ಕೌಟಿಲ್ಯನಿಗೆ ಜೂಜು ಆಡಳಿತದ ವಿಷಯ. ದ್ಯೂತಾಧ್ಯಕ್ಷನೆಂಬ ಅಧಿಕಾರಿ ಒಂದೇ ಕಡೆ ಆಡಿಸಬೇಕು, ದಾಳವನ್ನು ತಾನೇ ಒದಗಿಸಬೇಕು, ಗೆದ್ದ ಹಣದಲ್ಲಿ ನೂರಕ್ಕೆ ಐದರಂತೆ ಬೊಕ್ಕಸಕ್ಕೆ ಎತ್ತಿಡಬೇಕು. ಕಳ್ಳರನ್ನು ಪತ್ತೆಹಚ್ಚಲು ಇದು ಅನುಕೂಲ ಎಂಬ ಕಾರಣವೂ ಅದಕ್ಕಿತ್ತು. ಆನ್‌ಲೈನ್ ಹಣದಾಟಗಳಲ್ಲಿ ತೊಡಗಿಸಿದ ಪೂರ್ತಿ ಮೊತ್ತದ ಮೇಲೆ 2023ರ ಅಕ್ಟೋಬರ್ 1ರಿಂದ ಶೇಕಡ 28 ಜಿಎಸ್‌ಟಿ ಹಾಕಿದ್ದು ಇದೇ ದಾರಿಯಲ್ಲಿ ಇಟ್ಟ ಹೆಜ್ಜೆ. ಪಾಪವೆಂದು ತೆಗಳುತ್ತಲೇ ಪಾಲು ಎತ್ತುವ ರಾಜ್ಯದ ಇಬ್ಬಂದಿತನ ಎರಡು ಸಾವಿರ ವರ್ಷಕ್ಕೂ ಬದಲಾಗಿಲ್ಲ.

ಜೈನ ಧರ್ಮದ ಸಪ್ತವ್ಯಸನಗಳ ಪಟ್ಟಿಯಲ್ಲಿ ಮೊದಲನೆಯದೇ ಜೂಜು. ಇಸ್ಲಾಮಿನಲ್ಲಿ ‘ಮೈಸಿರ್’ ನಿಷಿದ್ಧ. ಕುರಾನ್ ಅದರಲ್ಲಿ ಜನರಿಗೆ ಒಂದಿಷ್ಟು ಲಾಭವಿದೆ ಎಂದು ಒಪ್ಪಿಕೊಂಡೇ, ಅದರ ಪಾಪ ಆ ಲಾಭವನ್ನು ಮೀರಿದ್ದು ಎನ್ನುತ್ತದೆ. ಹಿಂದೂ ಆಚರಣೆ ಮಾತ್ರ ವರ್ಷಕ್ಕೊಮ್ಮೆ ಬಾಗಿಲು ಸಡಿಲಿಸುತ್ತದೆ. ಬಲಿಪಾಡ್ಯಮಿಗೆ ದ್ಯೂತಪ್ರತಿಪದೆ ಎಂಬ ಹೆಸರೂ ಇದೆ. ಶಿವಪಾರ್ವತಿಯರು ಪಗಡೆಯಾಡಿದ ಕಥೆ ಅದಕ್ಕೆ ಹಿನ್ನೆಲೆ. ತುಮಕೂರು, ಮಂಡ್ಯ, ಹಾಸನದ ಹಳ್ಳಿಗಳಲ್ಲಿ ಯುಗಾದಿ ಮತ್ತು ಮರುದಿನದ ಹೊಸತೊಡಕಿನಂದು, ವರ್ಷವಿಡೀ ಎಲೆ ಮುಟ್ಟದವರೂ ಅರಳಿಕಟ್ಟೆಯ ಮೇಲೆ ಇಸ್ಪೀಟಿಗೆ ಕೂರುವುದುಂಟು. ಆ ದಿನದ ಗೆಲುವು ವರ್ಷದ ಶಕುನ ಎಂಬ ನಂಬಿಕೆ ಒಂದು ಕಡೆ. ಹಬ್ಬಕ್ಕೆ ಮುಂಚೆ ಜೂಜಾಡದಂತೆ ಪೊಲೀಸರು ಕೊಡುವ ಎಚ್ಚರಿಕೆ ಇನ್ನೊಂದು ಕಡೆ. ಹಬ್ಬದ ಜೂಜಿಗೆ ದಿನ, ಜಾಗ, ಸುತ್ತ ನಿಂತ ನೆರೆಹೊರೆಯವರ ಕಣ್ಣು ಎಂಬ ಬೇಲಿಯಿತ್ತು. ಮೊಬೈಲಿನ ಜೂಜಿಗೆ ಈ ಮೂರೂ ಇಲ್ಲ. ಮಧ್ಯರಾತ್ರಿ ಹಾಸಿಗೆಯಲ್ಲಿ, ಪಕ್ಕದಲ್ಲಿ ಮಲಗಿದವರಿಗೂ ಗೊತ್ತಾಗದಂತೆ, ಯುಪಿಐ ಮೂಲಕ ಪಣ ಕಟ್ಟಬಹುದು.

ಸಭೆ ಉತ್ತರಿಸದ ಪ್ರಶ್ನೆ

ಜೂಜಿನ ಧರ್ಮವನ್ನು ಆಳವಾಗಿ ಕೆದಕಿದ್ದು ಮಹಾಭಾರತದ ಸಭಾಪರ್ವ. ಪಂಪ, ಕುಮಾರವ್ಯಾಸರ ಕಾವ್ಯಗಳ ಮೂಲಕವೂ ಪೌರಾಣಿಕ ನಾಟಕಗಳ ಮೂಲಕವೂ ಅದು ಕನ್ನಡದ ಕಥೆಯಾಗಿದೆ. 1884ರಲ್ಲಿ ಗುಬ್ಬಿಯಲ್ಲಿ ಹುಟ್ಟಿ, ವೀರಣ್ಣನವರ ಕೈಯಲ್ಲಿ ನಾಡಿನ ದೊಡ್ಡ ವೃತ್ತಿ ಕಂಪನಿಯಾಗಿ ಬೆಳೆದ ಚನ್ನಬಸವೇಶ್ವರ ನಾಟಕ ಸಂಘ ‘ಕುರುಕ್ಷೇತ್ರ’ವನ್ನು ಆನೆ ಕುದುರೆಗಳೊಡನೆ ರಂಗಕ್ಕೆ ತಂದಿತ್ತು. ತುಮಕೂರು ಜಿಲ್ಲೆಯ ಹಳ್ಳಿಗಳಲ್ಲಿ ಇಂದಿಗೂ ಊರವರೇ ಪಾತ್ರ ಹಂಚಿಕೊಂಡು, ಹಾರ್ಮೋನಿಯಂ ಮೇಷ್ಟ್ರ ಬಳಿ ತಿಂಗಳುಗಟ್ಟಲೆ ಕಲಿತು, ಸೀನರಿ ಬಾಡಿಗೆಗೆ ತಂದು ಅದೇ ನಾಟಕ ಕಟ್ಟುತ್ತಾರೆ.

ಧರ್ಮರಾಯ ಸಂಪತ್ತು, ತಮ್ಮಂದಿರು, ಕೊನೆಗೆ ತನ್ನನ್ನೂ ಸೋತ ಮೇಲೆ ದ್ರೌಪದಿಯನ್ನು ಪಣಕ್ಕಿಡುತ್ತಾನೆ. ಕರೆತರಲು ಬಂದ ದೂತನ ಮೂಲಕ ಅವಳು ಕಳಿಸುವುದು ಒಂದೇ ಪ್ರಶ್ನೆ: ಅವನು ಮೊದಲು ಸೋತದ್ದು ತನ್ನನ್ನೋ, ನನ್ನನ್ನೋ? ದಾಳ ಮೋಸದ್ದೇ ಎಂದು ಅವಳು ಆರಂಭಿಸುವುದಿಲ್ಲ. ಪಣ ಕಟ್ಟಿದವನಿಗೆ ಆ ಪಣದ ಮೇಲೆ ಒಡೆತನ ಇತ್ತೇ ಎಂದು ಕೇಳುತ್ತಾಳೆ. ಭೀಷ್ಮ ಧರ್ಮ ಸೂಕ್ಷ್ಮವೆಂದು ಕೈಚೆಲ್ಲುತ್ತಾನೆ. ವಿದುರ ಉತ್ತರ ಕೊಡಿ ಎಂದು ಸಭೆಯನ್ನು ಒತ್ತಾಯಿಸುತ್ತಾನೆ, ಕೌರವರಲ್ಲೇ ಒಬ್ಬನಾದ ವಿಕರ್ಣ ಅವಳ ಪರ ನಿಲ್ಲುತ್ತಾನೆ. ಸಭೆ ಮಾತ್ರ ಉತ್ತರ ಕೊಡುವುದಿಲ್ಲ. ಸಂಸಾರಸ್ಥನು ತನ್ನದೆಂದು ಕಟ್ಟುವ ಯಾವ ಪಣಕ್ಕೂ ಈ ಪ್ರಶ್ನೆ ಸಲ್ಲುತ್ತದೆ. ತೆಂಗು ಮಾರಿದ ಹಣ, ಸ್ತ್ರೀಶಕ್ತಿ ಸಂಘದಿಂದ ಹೆಂಡತಿ ತಂದ ಸಾಲ, ಮಗಳ ಕಾಲೇಜು ಫೀಸು ಒಂದೇ ಖಾತೆಯಲ್ಲಿರುವಾಗ, ಫೋನ್ ಹಿಡಿದವನ ಬೆರಳು ಒತ್ತುವ ಮೊತ್ತ ಕಾನೂನಿನಲ್ಲಿ ಅವನದು, ಧರ್ಮದಲ್ಲಿ ಅವನೊಬ್ಬನದಲ್ಲ.

ಕೌಶಲವಿದ್ದರೆ ಜೂಜು ಶುದ್ಧವಾಗುವುದೇ ಎಂಬ ಪ್ರಶ್ನೆಗೂ ಮಹಾಭಾರತದಲ್ಲಿ ಸಾಮಗ್ರಿಯಿದೆ. ನಳೋಪಾಖ್ಯಾನದ ಋತುಪರ್ಣ ರಥದಲ್ಲಿ ಹೋಗುತ್ತಲೇ ತಾರೆಮರದ ಎಲೆ, ಕಾಯಿಗಳ ಲೆಕ್ಕ ಹೇಳಬಲ್ಲ ಗಣಿತಜ್ಞ. ಅವನೇ ನಳನಿಗೆ ಅಕ್ಷಹೃದಯವೆಂಬ ದಾಳದ ವಿದ್ಯೆ ಕಲಿಸುತ್ತಾನೆ. ಆ ವಿದ್ಯೆ ಬಂದೊಡನೆ ನಳನೊಳಗೆ ಸೇರಿ ಅವನನ್ನು ಜೂಜಿಗೆ ತಳ್ಳಿದ್ದ ಕಲಿ ಹೊರಬಿದ್ದು ತಾರೆಮರವನ್ನು ಹೊಕ್ಕ ಎಂದು ಕಥೆ. ಇಲ್ಲಿ ಕೌಶಲ ಚಟದಿಂದ ಬಿಡುಗಡೆ ಕೊಡುತ್ತದೆ. ಸಭಾಪರ್ವದಲ್ಲಾದರೋ ಎಲ್ಲರಿಗಿಂತ ಕುಶಲನು ಶಕುನಿ, ಏನೂ ಬಾರದವನು ಧರ್ಮರಾಯ. ಒಬ್ಬನ ಕೌಶಲ ಇನ್ನೊಬ್ಬನ ಮನೆ ಮುರಿಯುವ ಆಯುಧ. ಹಾಗಾಗಿ ಕೌಶಲ ಗೆಲುವಿಗೆ ಕಾರಣ ಕೊಡಬಲ್ಲದು, ಗೆದ್ದ ಹಣವನ್ನು ನ್ಯಾಯದ್ದಾಗಿಸಲಾರದು. ಆಧುನಿಕ ಕಾನೂನು ಬಹುಕಾಲ ನಂಬಿದ್ದು ಇದಕ್ಕೆ ವಿರುದ್ಧವಾದದ್ದನ್ನು.

ಕಾಯಕದ ಅಳತೆಗೋಲು

ಪಣದ ಪ್ರಶ್ನೆ ಸಭಾಪರ್ವದ್ದಾದರೆ, ಗೆದ್ದ ಗಂಟಿನ ಪ್ರಶ್ನೆ ಶರಣರದು. ಕುಣಿಗಲ್ ತಾಲ್ಲೂಕಿನ ಎಡೆಯೂರು ತೋಂಟದ ಸಿದ್ಧಲಿಂಗರ ನೆಲೆ. ‘ಶೂನ್ಯಸಂಪಾದನೆ’ಯನ್ನು ಪರಿಷ್ಕರಿಸಿದ ಸಿದ್ಧವೀರಣಾರ್ಯರು ತುಮಕೂರು ಬಳಿಯ ಗೂಳೂರಿನವರು. ಆ ಕೃತಿಯ ಎರಡು ಪ್ರಸಂಗಗಳು ಇಲ್ಲಿಗೆ ನೇರವಾಗಿ ಸಲ್ಲುತ್ತವೆ. ಮಹಾಮನೆಯ ಅಂಗಳದಲ್ಲಿ ಬಿದ್ದ ಅಕ್ಕಿಯನ್ನು ಆಯ್ದು ತರುವ ಕಾಯಕದ ಮಾರಯ್ಯ ಒಂದು ದಿನ ಎಂದಿಗಿಂತ ಹೆಚ್ಚು ತಂದಾಗ, ಹೆಂಡತಿ ಲಕ್ಕಮ್ಮ ಅದು ಆಸೆಯ ಅಕ್ಕಿಯೆಂದು ಮರಳಿ ಸುರಿದು ಬರಲು ಹೇಳುತ್ತಾಳೆ. ಹುಲ್ಲಿನ ಹಗ್ಗ ಹೊಸೆದು ಮಾರುವ ನುಲಿಯ ಚಂದಯ್ಯ, ಹಗ್ಗದ ಬೆಲೆಗಿಂತ ಹೆಚ್ಚಿಗೆ ಬಂದ ಹಣವನ್ನು ಒಪ್ಪುವುದಿಲ್ಲ. ಎರಡರಲ್ಲೂ ಕಳ್ಳತನವಿಲ್ಲ, ಮೋಸವಿಲ್ಲ. ಬಂದದ್ದು ದುಡಿದದ್ದಕ್ಕಿಂತ ಹೆಚ್ಚು ಎಂಬುದೊಂದೇ ದೋಷ. ಈ ಅಳತೆಯಲ್ಲಿ ಜೂಜಿನ ಗೆಲುವೂ ಸೋಲಿನಷ್ಟೇ ಹೊಲ್ಲ. ಸೋತವನು ಮನೆಯ ಹಣ ಕಳೆದ. ಗೆದ್ದವನು ಕಾಯಕವಿಲ್ಲದ ಹಣವನ್ನು ಮನೆಗೆ ತಂದ.

‘ಉಚಿತ’ ಎಂಬ ಮಾತನ್ನು ತೂಗಲು ತುಮಕೂರಿನಲ್ಲೇ ಒಂದು ತಕ್ಕಡಿಯಿದೆ. ನಗರದ ಅಂಚಿನ ಸಿದ್ಧಗಂಗಾ ಮಠದಲ್ಲಿ ಡಾ. ಶಿವಕುಮಾರ ಸ್ವಾಮೀಜಿಯವರ (1907–2019) ಕಾಲದಿಂದ ಸಾವಿರಾರು ಮಕ್ಕಳು ಜಾತಿಮತದ ಭೇದವಿಲ್ಲದೆ ಉಚಿತವಾಗಿ ಉಂಡು ಓದುತ್ತಿದ್ದಾರೆ. ಸುತ್ತಲ ಹಳ್ಳಿಗಳ ರೈತರು ರಾಗಿ, ತೆಂಗಿನಕಾಯಿ ತಂದು ಉಗ್ರಾಣಕ್ಕೆ ಒಪ್ಪಿಸುತ್ತಾರೆ. ಆ ಊಟ ಉಂಡವನನ್ನು ಮರಳಿ ಏನನ್ನೂ ಕೇಳುವುದಿಲ್ಲ. ಅದರ ಬೆಲೆಯನ್ನು ಯಾರೋ ದುಡಿದು ಮೊದಲೇ ತೆತ್ತಿದ್ದಾರೆ. ಸ್ವೀಪ್‌ಸ್ಟೇಕ್ಸಿನ ಉಚಿತ ನಾಣ್ಯವೂ ಯಾರೋ ತೆತ್ತದ್ದೇ, ಆದರೆ ತೆತ್ತವನು ಸೋತ ಇನ್ನೊಬ್ಬ ಆಟಗಾರ. ಪಡೆದವನೂ ನಾಳೆ ತೆರಬೇಕೆಂದೇ ಅದನ್ನು ಕೊಡುವುದು. ದಾಸೋಹದ ಉಚಿತಕ್ಕೂ ಗಾಳದ ಉಚಿತಕ್ಕೂ ಇರುವ ವ್ಯತ್ಯಾಸ ಇಷ್ಟು.

ಕಾನೂನು ನಡೆದುಬಂದ ದಾರಿ

ಸ್ವೀಪ್‌ಸ್ಟೇಕ್ಸಿಗೆ ಹತ್ತಿರದ ವ್ಯಾಪಾರವೊಂದು ಮೈಸೂರು ರಾಜ್ಯದಲ್ಲಿ 1950ರ ದಶಕದಲ್ಲೇ ನಡೆದಿತ್ತು. ಆರ್.ಎಂ.ಡಿ. ಚಮಾರ್‌ಬಾಗ್‌ವಾಲಾ ಅವರ ಸಂಸ್ಥೆ ಬೆಂಗಳೂರಿನಲ್ಲಿ ಅಚ್ಚಾಗುತ್ತಿದ್ದ ‘ಸ್ಪೋರ್ಟಿಂಗ್ ಸ್ಟಾರ್’ ವಾರಪತ್ರಿಕೆಯಲ್ಲಿ ಪದಬಂಧದ ಬಹುಮಾನ ಸ್ಪರ್ಧೆ ನಡೆಸುತ್ತಿತ್ತು. ಸುಳಿವಿಗೆ ಎರಡು ಪದಗಳೂ ಹೊಂದಬಹುದು. ನಡೆಸುವವರು ಮೊದಲೇ ನಿಗದಿ ಮಾಡಿಟ್ಟ ಪದಕ್ಕೆ ತಾಳೆಯಾದವನಿಗೆ ಬಹುಮಾನ. ನೋಡಲು ಪದಜ್ಞಾನದ ಸ್ಪರ್ಧೆ, ಒಳಗೆ ಲಾಟರಿ. ಮುಂಬಯಿ ರಾಜ್ಯ ಇದರ ಮೇಲೆ ತೆರಿಗೆ ಹಾಕಿದಾಗ ವಿವಾದ ಸುಪ್ರೀಂ ಕೋರ್ಟ್ ಮುಟ್ಟಿತು. 1957ರ ಏಪ್ರಿಲ್ 9ರ ತೀರ್ಪಿನಲ್ಲಿ ಮುಖ್ಯ ನ್ಯಾಯಮೂರ್ತಿ ಎಸ್.ಆರ್. ದಾಸ್ ಋಗ್ವೇದದ ಸೂಕ್ತ, ಮಹಾಭಾರತ, ಸ್ಮೃತಿಗಳನ್ನೆಲ್ಲ ಉಲ್ಲೇಖಿಸಿ, ಜೂಜು ಸಂವಿಧಾನ ರಕ್ಷಿಸುವ ‘ವ್ಯಾಪಾರ’ವೇ ಅಲ್ಲ ಎಂದರು. ಅದೇ ದಿನದ ಇನ್ನೊಂದು ತೀರ್ಪು 1955ರ ಬಹುಮಾನ ಸ್ಪರ್ಧೆಗಳ ಕಾಯ್ದೆ ಅದೃಷ್ಟದ ಸ್ಪರ್ಧೆಗಳಿಗೆ ಮಾತ್ರ ಅನ್ವಯ, ಕೌಶಲದ ಸ್ಪರ್ಧೆಗಳಿಗಲ್ಲ ಎಂದಿತು. ಕೌಶಲ ಒಂದು ಕಡೆ, ಅದೃಷ್ಟ ಒಂದು ಕಡೆ ಎಂಬ ಗೆರೆ ಗಟ್ಟಿಯಾಗಿ ಬಿದ್ದದ್ದು ಹೀಗೆ.

1963ರ ಕರ್ನಾಟಕ ಪೊಲೀಸ್ ಕಾಯ್ದೆ ಈ ಗೆರೆಯನ್ನೇ ಹಿಡಿಯಿತು. ಅದರ 78ನೆಯ ಕಲಂ ಊರಿನ ಮಾತಿನಲ್ಲಿ ‘ಓಸಿ’ ಎನ್ನುವ ಮಟಕಾ ಬಗೆಯ ಜೂಜಿಗೆ, 79 ಮತ್ತು 80 ಜೂಜುಮನೆ ನಡೆಸುವುದಕ್ಕೂ ಅಲ್ಲಿ ಸಿಕ್ಕಿಬೀಳುವುದಕ್ಕೂ, 87 ಬಯಲಲ್ಲಿ ಆಡುವುದಕ್ಕೆ. ತೋಪಿನಲ್ಲಿ ಅಂದರ್ ಬಾಹರ್ ಆಡುವವರ ಮೇಲೆ ದಾಳಿಯಾದಾಗ ಪಂಚನಾಮೆಯಲ್ಲಿ ಕಾಣುವುದು ಬಹುತೇಕ ಒಂದೇ ಪಟ್ಟಿ: ನೆಲಕ್ಕೆ ಹಾಸಿದ ಹಳೆಯ ಪೇಪರ್, 52 ಇಸ್ಪೀಟ್ ಎಲೆ, ಪಣಕ್ಕೆ ಕಟ್ಟಿದ್ದ ನಗದು. ಇದೇ ಕಾಯ್ದೆಯ 176ನೆಯ ಕಲಂ ಶುದ್ಧ ಕೌಶಲದ ಆಟಕ್ಕೂ ಅದರಲ್ಲಿ ಭಾಗವಹಿಸಿದವರು ಕಟ್ಟುವ ಪಣಕ್ಕೂ 79, 80ನೆಯ ಕಲಂಗಳಿಂದ ವಿನಾಯಿತಿ ಕೊಟ್ಟಿತು. ಸುಪ್ರೀಂ ಕೋರ್ಟ್ 1967ರಲ್ಲಿ ರಮ್ಮಿಯನ್ನೂ 1996ರಲ್ಲಿ ಕುದುರೆ ರೇಸನ್ನೂ ಮುಖ್ಯವಾಗಿ ಕೌಶಲದ್ದೆಂದು ಪರಿಗಣಿಸಿತು. ರಾಜ್ಯದಲ್ಲಿ ರೇಸ್‌ಕೋರ್ಸುಗಳಿಗೆ 1952ರಿಂದಲೇ ಬೇರೆ ಪರವಾನಗಿ ಕಾಯ್ದೆ ಇತ್ತು. ಹೀಗೆ ಕುಣಿಗಲ್ಲಿನ ಕುದುರೆಯ ಮೇಲೆ ರೇಸ್‌ಕೋರ್ಸಿನಲ್ಲಿ ಕಟ್ಟಿದ ಬಾಜಿ ಕಾನೂನುಬದ್ಧ, ಅದೇ ಕುಣಿಗಲ್ಲಿನ ತೋಟದಲ್ಲಿ ಕಟ್ಟಿದ ಅಂದರ್ ಬಾಹರ್ ಅಪರಾಧವಾಯಿತು.

ಪಣ ಮತ್ತು ಜೂಜು ಸಂವಿಧಾನದ ರಾಜ್ಯಪಟ್ಟಿಯ 34ನೆಯ ನಮೂದು. ಆದ್ದರಿಂದ ಗಡಿ ದಾಟಿದರೆ ನ್ಯಾಯ ಬದಲಾಗುತ್ತದೆ. ಕರ್ನಾಟಕದಲ್ಲಿ 2007ರಲ್ಲಿ ಲಾಟರಿ ನಿಂತಿತು. ತಲಪಾಡಿಯ ಆಚೆ, ಕಾಸರಗೋಡಿನ ಕನ್ನಡಿಗ 1967ರಲ್ಲಿ ಶುರುವಾದ ಕೇರಳ ಸರ್ಕಾರದ್ದೇ ಲಾಟರಿ ಟಿಕೆಟನ್ನು ಬಸ್‌ಸ್ಟ್ಯಾಂಡಿನಲ್ಲಿ ಕೊಳ್ಳುತ್ತಾನೆ. ಧರ್ಮಪ್ರಶ್ನೆಗೆ ಚೆಕ್‌ಪೋಸ್ಟ್ ಉತ್ತರವಾಗದು ಎಂಬುದಕ್ಕೆ ಇದಕ್ಕಿಂತ ಸರಳ ಉದಾಹರಣೆ ಬೇಕಿಲ್ಲ.

ಮೊಬೈಲ್ ಬಂದ ಮೇಲೆ ಗೆರೆ ಅಲುಗಾಡತೊಡಗಿತು. ಕರ್ನಾಟಕ 2021ರಲ್ಲಿ ಪೊಲೀಸ್ ಕಾಯ್ದೆಗೆ ತಿದ್ದುಪಡಿ ತಂದು, ಕೌಶಲ, ಅದೃಷ್ಟ ಎಂದು ಬಿಡಿಸದೆ ಆನ್‌ಲೈನಿನಲ್ಲಿ ಹಣ ಕಟ್ಟುವ ಆಟಗಳನ್ನೆಲ್ಲ ಅಪರಾಧವೆಂದಿತು. ಅಕ್ಟೋಬರ್ 5ರಿಂದ ಅದು ಜಾರಿಯಾಯಿತು. 2022ರ ಫೆಬ್ರವರಿ 14ರಂದು ಮುಖ್ಯ ನ್ಯಾಯಮೂರ್ತಿ ರಿತುರಾಜ್ ಅವಸ್ಥಿ ಮತ್ತು ನ್ಯಾಯಮೂರ್ತಿ ಕೃಷ್ಣ ಎಸ್. ದೀಕ್ಷಿತ್ ಅವರಿದ್ದ ಹೈಕೋರ್ಟ್ ಪೀಠ, ಕೌಶಲದ ಆಟವನ್ನು ಜೂಜಿನೊಂದಿಗೆ ಒಂದೇ ಕಣಜಕ್ಕೆ ಸುರಿದದ್ದು ಸಂವಿಧಾನಕ್ಕೆ ವಿರುದ್ಧ ಎಂದು ತಿದ್ದುಪಡಿಯ ಆ ಭಾಗಗಳನ್ನು ರದ್ದುಪಡಿಸಿತು. ಜೂಜಿನ ವಿರುದ್ಧ ಸಂವಿಧಾನಕ್ಕೆ ಹೊಂದುವ ಕಾನೂನು ತರಲು ಶಾಸನಸಭೆಗೆ ಅಡ್ಡಿಯಿಲ್ಲ ಎಂದೂ ಹೇಳಿತು. ರಾಜ್ಯ ಸರ್ಕಾರ ಸುಪ್ರೀಂ ಕೋರ್ಟಿಗೆ ಮೇಲ್ಮನವಿ ಸಲ್ಲಿಸಿತು.

ನಂತರದ ಹೆಜ್ಜೆ ಸಂಸತ್ತಿನದು. ಆನ್‌ಲೈನ್ ಗೇಮಿಂಗ್ ಉತ್ತೇಜನ ಮತ್ತು ನಿಯಂತ್ರಣ ಮಸೂದೆ 2025ರ ಆಗಸ್ಟ್ 20ರಂದು ಲೋಕಸಭೆಯಲ್ಲಿ, 21ರಂದು ರಾಜ್ಯಸಭೆಯಲ್ಲಿ ಅಂಗೀಕಾರವಾಗಿ, 22ರಂದು ರಾಷ್ಟ್ರಪತಿಯವರ ಅಂಕಿತ ಪಡೆಯಿತು. ಕೌಶಲದ್ದೋ ಅದೃಷ್ಟದ್ದೋ ಎರಡೂ ಸೇರಿದ್ದೋ ಎಂದು ನೋಡದೆ, ಹಣ ಅಥವಾ ‘ಇತರ ಪಣ’ ಕೊಟ್ಟು ಗೆಲುವಿನ ನಿರೀಕ್ಷೆಯಲ್ಲಿ ಆಡುವ ಯಾವ ಆನ್‌ಲೈನ್ ಆಟವನ್ನೂ ಅದು ನಿಷೇಧಿಸುತ್ತದೆ. ನಡೆಸುವವರಿಗೆ ಮೂರು ವರ್ಷದವರೆಗೆ ಸೆರೆ, 1 ಕೋಟಿ ರೂಪಾಯಿವರೆಗೆ ದಂಡ. ಜಾಹೀರಾತು ಕೊಟ್ಟವರಿಗೆ ಎರಡು ವರ್ಷ, 50 ಲಕ್ಷದವರೆಗೆ. ಹಣ ಸಾಗಿಸಿಕೊಡುವ ಸಂಸ್ಥೆಗಳೂ ಹೊಣೆ. ಆಡಿದವನಿಗೆ ಶಿಕ್ಷೆಯಿಲ್ಲ; ಅವನನ್ನು ಕಾಯ್ದೆ ಪೆಟ್ಟು ತಿಂದವನೆಂದು ಕಾಣುತ್ತದೆ. ಕಾಯ್ದೆಯ ವಿರುದ್ಧ ಮೊದಲ ಅರ್ಜಿಗಳಲ್ಲೊಂದು ಕರ್ನಾಟಕ ಹೈಕೋರ್ಟಿನಲ್ಲೇ ದಾಖಲಾಯಿತು. ಮುಂದೆ ಬೇರೆ ಬೇರೆ ಹೈಕೋರ್ಟುಗಳ ಅರ್ಜಿಗಳು ಸುಪ್ರೀಂ ಕೋರ್ಟಿಗೆ ವರ್ಗವಾದವು.

ಉಚಿತ ಬಾಗಿಲಿನ ಗತಿ

ಈ ಕಾಯ್ದೆಯ ಕಣ್ಣಿನಲ್ಲಿ ಸ್ವೀಪ್‌ಸ್ಟೇಕ್ಸ್ ಕ್ಯಾಸಿನೊ ಏನು? ‘ಇತರ ಪಣ’ ಎಂಬುದರೊಳಗೆ ಹಣಕ್ಕೆ ಸಮನಾದ ಅಥವಾ ಹಣವಾಗಿ ಬದಲಾಗಬಲ್ಲ ಕ್ರೆಡಿಟ್, ಕಾಯಿನ್, ಟೋಕನ್ ಎಲ್ಲವೂ, ಹೆಸರು ಏನೇ ಇರಲಿ, ನೇರವಾಗಿ ಕೊಂಡಿರಲಿ, ಬಳಸುದಾರಿಯಲ್ಲಿ ಕೊಂಡಿರಲಿ, ಸೇರುತ್ತವೆ. ಗೋಲ್ಡ್ ಕಾಯಿನ್ ಕೊಂಡವನಿಗೆ ‘ಕೊಡುಗೆ’ಯಾಗಿ ಬಂದ ಸ್ವೀಪ್ಸ್ ಕಾಯಿನ್ ಈ ವ್ಯಾಖ್ಯೆಗೆ ಸಿಕ್ಕಿಬೀಳುತ್ತದೆ. ನಾಣ್ಯದ ಹೆಸರನ್ನು ಎರಡಾಗಿ ಸೀಳಿದರೂ, ಜೇಬಿನಿಂದ ಹೊರಟ ಹಣ ಆಟವನ್ನು ಹಾದು ಮತ್ತೆ ಹಣವಾಗಿ ಬರುವ ದಾರಿ ಒಂದೇ. ಹಣ ಗೆಲ್ಲಲಾಗದ, ಚಂದಾ ಕಟ್ಟಿ ಆಡುವ ಸಾಮಾಜಿಕ ಆಟಗಳಿಗೂ ಇ–ಸ್ಪೋರ್ಟ್ಸಿಗೂ ಕಾಯ್ದೆ ಜಾಗ ಬಿಟ್ಟಿದೆ. ಅರಳಿಕಟ್ಟೆಯ ಚೌಕಾಬಾರದಲ್ಲಿ ಇರುವುದೂ ಇದೇ ತತ್ತ್ವ: ಗಂಟಿಲ್ಲದಿದ್ದರೆ ಆಟ ನಿರಪಾಯ.

ಲಭ್ಯತೆ ಬೇರೆ ಮಾತು. ಕಾಯ್ದೆ ಬಂದೊಡನೆ ದೇಶದೊಳಗಿನ ದೊಡ್ಡ ಕಂಪನಿಗಳು ಹಣದಾಟ ನಿಲ್ಲಿಸಿದವು. ಹೊರದೇಶದಲ್ಲಿ ಕೂತವರ ಜಾಲತಾಣಗಳನ್ನು ಸರ್ಕಾರ ತಡೆಯುತ್ತದೆ, ಅವು ಹೆಸರು ಬದಲಿಸಿ ಮತ್ತೆ ಹುಟ್ಟುತ್ತವೆ. ಜೂಜುಮನೆಗೆ ಬಾಗಿಲಿದ್ದಾಗ ಪೊಲೀಸರು ತಟ್ಟಲು ಒಂದು ಜಾಗವಿತ್ತು. ಈಗ ತಟ್ಟಬಹುದಾದದ್ದು ಹಣ ಹರಿಯುವ ಕಾಲುವೆಯನ್ನು ಮಾತ್ರ. ಬ್ಯಾಂಕು, ಪಾವತಿ ಸಂಸ್ಥೆಗಳನ್ನು ಕಾಯ್ದೆ ಹೊಣೆ ಮಾಡಿದ್ದು ಅದಕ್ಕೇ.

ಸ್ವಾತಂತ್ರ್ಯದ ಆಕ್ಷೇಪ

ನಿಷೇಧದ ವಿರುದ್ಧ ಇರುವ ಗಟ್ಟಿ ವಾದ ಸ್ವಾತಂತ್ರ್ಯದ್ದು. ಬುದ್ಧಿ ಬಲಿತವನು ತನ್ನ ಹಣವನ್ನು ತನಗೆ ತೋಚಿದಂತೆ ಕಳೆಯಬಹುದಾದರೆ, ಜೂಜಿನಲ್ಲಿ ಕಳೆಯಬಾರದೇಕೆ? ಸಾಲ ಮಾಡಿ ಮದುವೆ ಮಾಡಿದವನನ್ನು ತಡೆಯದ ರಾಜ್ಯ ಇವನನ್ನು ತಡೆಯುವುದೇಕೆ? ನಿಷೇಧಿಸಿದರೆ ಆಟ ಸಾಯದೆ ಕತ್ತಲಿಗೆ ಸರಿಯುತ್ತದೆ, ಅಲ್ಲಿ ಮೋಸಹೋದವನಿಗೆ ದೂರು ಕೊಡಲೂ ಬಾಗಿಲಿರುವುದಿಲ್ಲ ಎಂಬ ಮಾತೂ ತಳ್ಳಿಹಾಕುವಂಥದ್ದಲ್ಲ. ಬಯಲಿನಲ್ಲೇ ಆಡಲಿ ಎಂದ ಯಾಜ್ಞವಲ್ಕ್ಯ, ಕೌಟಿಲ್ಯರ ಲೆಕ್ಕಾಚಾರವೂ ಇದೇ.

ಈ ವಾದ ‘ತನ್ನ ಹಣ’ ಎಂಬ ಎರಡು ಪದಗಳ ಮೇಲೆ ನಿಂತಿದೆ. ದ್ರೌಪದಿಯ ಪ್ರಶ್ನೆ ತಾಗುವುದೂ ಅಲ್ಲಿಗೇ. ಪಣದಲ್ಲಿ ಮನೆಯವರ ಪಾಲಿದ್ದರೆ ಅವರ ಒಪ್ಪಿಗೆ ಬೇಕು. ತನ್ನನ್ನೇ ಸೋತವನ, ಎಂದರೆ ಚಟಕ್ಕೆ ಬಿದ್ದವನ ಒಪ್ಪಿಗೆ ಒಪ್ಪಿಗೆಯೇ ಅಲ್ಲ. ಮದುವೆಯ ಸಾಲ ಅವಿವೇಕವಿರಬಹುದು, ಆದರೆ ಅಲ್ಲಿ ಎದುರಿಗೆ ಕೂತ ಶಕುನಿಯಿಲ್ಲ. ಪರದೆಯ ಹಿಂದಿರುವವನಿಗೆ ಆಟದ ಲೆಕ್ಕ ಗೊತ್ತು, ಆಟಗಾರ ಯಾವಾಗ ಎದ್ದು ಹೋಗುತ್ತಾನೆಂದು ಗೊತ್ತು, ಆಗ ಉಚಿತ ನಾಣ್ಯ ತೋರಿಸಿ ಕೂರಿಸುವುದೂ ಗೊತ್ತು. 2025ರ ಕಾಯ್ದೆ ಆಡಿದವನನ್ನು ಬಿಟ್ಟು ಆಡಿಸಿದವನನ್ನು ಹಿಡಿಯುವುದರಲ್ಲಿ ಈ ವ್ಯತ್ಯಾಸದ ಅರಿವಿದೆ.

ಕಾನೂನು ಅರವತ್ತೆಂಟು ವರ್ಷ ದಾಳ ಹೇಗೆ ಬಿತ್ತೆಂದು ವಿಚಾರಿಸಿ, ಕೊನೆಗೆ ಪಣ ಕಟ್ಟಿದ್ದುಂಟೇ ಎಂದು ಕೇಳತೊಡಗಿದೆ. ಹಾಗೆ ಕೇಳುವ ಅಧಿಕಾರ ಅದಕ್ಕೆ ಎಷ್ಟರಮಟ್ಟಿಗೆ ಇದೆಯೆಂಬುದು ನ್ಯಾಯಾಲಯದ ವಿಷಯ. ಪಣಕ್ಕಿಟ್ಟದ್ದು ಯಾರದು ಎಂಬುದನ್ನು ಆಡುವವನೂ, ಬಂದ ಗಂಟು ಯಾರ ದುಡಿಮೆ ಎಂಬುದನ್ನು ಗೆದ್ದವನೂ ಕೇಳಿಕೊಳ್ಳಬೇಕು. ಅಕ್ಕಿಯನ್ನು ಮರಳಿ ಸುರಿದು ಬಾ ಎಂದು ಯಾವ ಕಾಯ್ದೆಯೂ ಲಕ್ಕಮ್ಮನಿಗೆ ಹೇಳಿರಲಿಲ್ಲ.